ನೀರನ್ನು ತೆರೆದಿಡುವ ಕೆಲಸ

ಜೂನ್ ಹದಿನಾಲ್ಕರ ಬೆಳಗ್ಗೆ ಕೊಳದಲ್ಲಿ ಹನ್ನೊಂದು ಮೀನುಗಳಿದ್ದವು. ನೆನಪಿನಿಂದ ಹೇಳುತ್ತಿಲ್ಲ, ನೋಟ್‌ಬುಕ್ಕಿನಲ್ಲಿ ಬರೆದಿದೆ. ಕಿತ್ತಳೆ ಆರು, ಕಪ್ಪು ಮಚ್ಚೆಯವು ಮೂರು, ಹಳದಿ ಒಂದು, ಬಿಳಿ ಒಂದು. ಅದೇ ಸಾಲಿನ ಕೊನೆಯಲ್ಲಿ, ‘ಗೇಟು’ ಎಂಬ ತಲೆಬರಹದ ಕೆಳಗೆ, ಒಂದು ಸೊನ್ನೆ.

ಗೇಟಿನ ಕಾಲಮು ಮೀನಿಗಿಂತ ಹಳೆಯದು. ಫೆಬ್ರವರಿಯಲ್ಲಿ ನೈರೋಬಿಯ ಕಿಲೆಲೆಶ್ವಾದ ಈ ಫ್ಲ್ಯಾಟಿಗೆ ಬಂದ ವಾರದಿಂದಲೇ ಅದನ್ನು ತುಂಬುತ್ತಿದ್ದೆ. ಆ ದಿನ ಎಷ್ಟು ಸಲ ನಾನೊಬ್ಬಳೇ ನಡೆದುಕೊಂಡು ಗೇಟಿನಾಚೆ ಹೋದೆ ಎಂಬುದರ ಲೆಕ್ಕ. ಶನಿವಾರ ಗಂಡನ ಜೊತೆ ಕಂಪನಿಯ ಕಾರಿನಲ್ಲಿ ಹೈರಿಡ್ಜ್‌ಗೆ ಹೋಗಿ ಬೇಳೆ, ಕರಿಬೇವು ತರುವುದು ಅದರಲ್ಲಿ ಬರುವುದಿಲ್ಲ. ಮೊದಲ ತಿಂಗಳಲ್ಲಿ ಮೂರು ಒಂದುಗಳಿವೆ. ಆಮೇಲೆ ಗಂಡನ ಕಾರ್ಖಾನೆಯ ಒಬ್ಬ ಸಹೋದ್ಯೋಗಿಯ ಹೆಂಡತಿಯ ಫೋನನ್ನು ಬೈಕಿನವರು ಕಿತ್ತುಕೊಂಡು ಹೋದರು. ಕಂಪನಿಯ ವಾಟ್ಸ್ಯಾಪ್ ಗುಂಪಿನಲ್ಲಿ ‘ಕುಟುಂಬದವರು ಒಂಟಿಯಾಗಿ ಓಡಾಡಬಾರದು’ ಎಂದು ಸಂದೇಶ ಬಂತು. ಅಲ್ಲಿಂದ ಸೊನ್ನೆಗಳು ಶುರುವಾದವು. ಅವು ಎಷ್ಟು ಒತ್ತಾಗಿ ಬಂದವೆಂದರೆ ದೂರದಿಂದ ನೋಡಿದರೆ ಮಣಿಸರದಂತೆ ಕಾಣುತ್ತಿದ್ದವು.

ಹೀಗೆ ಬರೆದಿಡುವುದು ನನ್ನ ಹಳೆಯ ಕೆಲಸದ ಚಾಳಿ. ಮದುವೆಗೆ ಮುಂಚೆ ಮಂಡ್ಯ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಇಡುವ ಫ್ರಿಜ್‌ಗಳ ಉಸ್ತುವಾರಿ ನನ್ನದಾಗಿತ್ತು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಉಷ್ಣಾಂಶ ನೋಡಿ ಚಾರ್ಟಿನಲ್ಲಿ ಬರೆಯಬೇಕು. ಒಳಗೋಡೆಯಲ್ಲಿ ಐಸ್ ದಪ್ಪವಾಗಿ ಕಟ್ಟಿದರೆ ಲಸಿಕೆಗಳನ್ನು ಪೆಟ್ಟಿಗೆಗೆ ಸಾಗಿಸಿ, ಫ್ರಿಜ್ ಆರಿಸಿ, ಐಸ್ ಕರಗಿಸಿ, ಒರೆಸಿ, ಮತ್ತೆ ಹಚ್ಚಬೇಕು. ಮೂರು ವರ್ಷ ಆ ಕೆಲಸ ಮಾಡಿದೆ. ಒಂದು ಚೌಕವನ್ನೂ ಖಾಲಿ ಬಿಟ್ಟವಳಲ್ಲ. ಇಲ್ಲಿ ನನ್ನ ಪಾಸ್‌ಪೋರ್ಟಿನಲ್ಲಿ ‘ಅವಲಂಬಿತೆ’ ಎಂಬ ಮುದ್ರೆಯಿದೆ. ಸಂಬಳಕ್ಕಾಗಲಿ ಪುಕ್ಕಟೆಯಾಗಲಿ ಕೆಲಸ ಮಾಡುವಂತಿಲ್ಲ. ಗಂಡ ಬೆಳಗ್ಗೆ ಏಳು ಗಂಟೆಗೆ ಔಷಧ ಕಾರ್ಖಾನೆಯ ಕಾರು ಹತ್ತಿದರೆ ಸಂಜೆ ಏಳಕ್ಕೆ ಇಳಿಯುತ್ತಾರೆ. ನಡುವಿನ ಹನ್ನೆರಡು ಗಂಟೆಗಳಿಗೆ ಚಾರ್ಟು ಇರಲಿಲ್ಲ. ಅದಕ್ಕೇ ನಾನೇ ಒಂದು ಮಾಡಿಕೊಂಡೆ.

ಕೊಳ ನಮ್ಮದಲ್ಲ. ನಾವಿರುವ ಐದಂತಸ್ತಿನ ಕಟ್ಟಡ ಒಂದು ಹಳೆಯ ಬಂಗಲೆಯ ತೋಟದಲ್ಲಿ ಎದ್ದದ್ದು. ಬಂಗಲೆಯ ಗುಜರಾತಿ ಅಜ್ಜಿ ತೋಟವನ್ನು ಬಿಟ್ಟುಕೊಡುವಾಗ ಎರಡು ಷರತ್ತು ಹಾಕಿದ್ದರಂತೆ. ನೆಲ ಅಂತಸ್ತಿನ ಮನೆ ತನಗೆ, ಕೊಳವನ್ನು ಮುಚ್ಚಕೂಡದು. ಕೊಳ ತೋಡಿಸಿದವರು ಅವರ ಗಂಡ, ಈಗಿಲ್ಲ. ಹನ್ನೆರಡು ಹೆಜ್ಜೆ ಉದ್ದ, ಏಳು ಹೆಜ್ಜೆ ಅಗಲ, ಎದೆಮಟ್ಟದ ಆಳ. ಬಿಳಿ ಮೀನು ಅವರು ಕೊನೆಯದಾಗಿ ತಂದದ್ದು. ನನ್ನ ಮೊಳಕೈಯಿಂದ ಬೆರಳ ತುದಿಯಷ್ಟು ಉದ್ದ, ಬೆನ್ನ ಮೇಲೆ ಒಂದೇ ಒಂದು ಕೆಂಪು ಚುಕ್ಕೆ.

ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ಅಜ್ಜಿ ಪಂಪಿನ ಕೋಣೆಯ ಬೀಗದ ಕೈಯನ್ನು ನನ್ನ ಕೈಗಿಟ್ಟರು. ನಾವು ಮಾತಾಡುತ್ತಿದ್ದದ್ದು ಹಿಂದಿಯಲ್ಲಿ. ಇಬ್ಬರದೂ ಹರಕು.

“ಆಗಸ್ಟ್ ಇಪ್ಪತ್ತನಾಲ್ಕಕ್ಕೆ ಬರ್ತೀನಿ. ಉಳಿದವು ಹೋದರೂ ಹೋಗಲಿ ಮಗಳೇ, ಬಿಳಿಯದು ನನಗೆ ಬೇಕು. ನಾನು ಬಂದಾಗ ಅದು ಇರಬೇಕು.”

“ಇರುತ್ತೆ ಆಂಟಿ” ಎಂದೆ. ಎಷ್ಟು ಬೇಗ ಹೇಳಿಬಿಟ್ಟೆ ಎಂದು ಈಗ ಅನ್ನಿಸುತ್ತದೆ.

ಪಂಪಿನ ಕೋಣೆಯ ಬಾಗಿಲ ಹಿಂದೆ ಅವರ ಗಂಡನ ಕೈಬರಹದ ಹಾಳೆಯೊಂದಿತ್ತು, ಪ್ಲಾಸ್ಟಿಕ್ಕಿನಲ್ಲಿ ಹೊದಿಸಿ ಮೊಳೆ ಹೊಡೆದದ್ದು. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಪಂಪನ್ನು ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಓಡಿಸಿ. ದಿನಕ್ಕೆ ಒಂದು ಹಿಡಿ ಆಹಾರ. ಉದುರಿದ ಎಲೆ ತೆಗೆಯಿರಿ. ಚಳಿ ತಿಂಗಳಲ್ಲಿ ನೀರನ್ನು ತೆರೆದಿಡಿ.

ನಾಲ್ಕೂ ಸಾಲನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ನಾಲ್ಕನೆಯದು ಅರ್ಥವಾಗಲಿಲ್ಲ. ಫೋನಿನಲ್ಲಿ ಹುಡುಕಿದೆ. ಚಳಿಗಾಲ, ಕೊಳ, ತೆರೆದಿಡುವುದು ಎಂದು ಹಾಕಿದರೆ ಬಂದದ್ದೆಲ್ಲ ಹಿಮದ ದೇಶಗಳ ಮಾತು. ಕೊಳದ ಮೇಲೆ ಐಸ್ ಕಟ್ಟಿದರೆ ಸುತ್ತಿಗೆಯಿಂದ ಒಡೆಯಬೇಡಿ, ಸದ್ದಿಗೆ ಮೀನು ಬೆದರುತ್ತವೆ. ಬಿಸಿನೀರಿನ ಪಾತ್ರೆಯನ್ನು ಐಸಿನ ಮೇಲಿಟ್ಟು ನಿಧಾನವಾಗಿ ತೂತು ಮಾಡಿ. ಒಂದು ಚೆಂಡನ್ನು ತೇಲಿಬಿಟ್ಟರೆ ಅದರ ಸುತ್ತ ಐಸ್ ಹಿಡಿಯುವುದಿಲ್ಲ. ಓದಲು ಬಹಳ ಚೆನ್ನಾಗಿತ್ತು. ಸಂಜೆ ಗಂಡನಿಗೆ ಹೇಳಿದೆ.

“ಐಸಾ? ನೈರೋಬಿಲಾ?” ಅವರು ಟೈ ಬಿಚ್ಚುತ್ತ ನಕ್ಕರು. “ಫ್ರೀಜರ್ ಬಿಟ್ರೆ ಈ ಊರಲ್ಲಿ ಐಸ್ ಎಲ್ಲಿದೆ ಕಣೇ? ಆ ಅಂಕಲ್ ಯುಕೆಲಿ ಓದಿದ್ರಂತಲ್ಲ, ಅಲ್ಲಿಂದ ಕಾಪಿ ಹೊಡೆದಿರ್ತಾರೆ. ಪಾಯಿಂಟ್ ಫೋರ್ ಕ್ಯಾನ್ಸಲ್.”

ನನಗೂ ಸರಿಯೆನಿಸಿತು. ನೋಟ್‌ಬುಕ್ಕಿನ ನಾಲ್ಕನೆಯ ಸಾಲಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆದೆ. ನೇರವಾಗಿ ಬಂದಿದೆ ಆ ಗೆರೆ, ಈಗಲೂ ಇದೆ.

ಇಲ್ಲಿನ ಜೂನ್, ಜುಲೈ ಬಿಸಿಲು ಕಾಣದ ತಿಂಗಳುಗಳು. ಮಳೆಯೂ ಇಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಆಕಾಶ ಒಂದೇ ಬೂದಿಬಣ್ಣ, ಒಗೆದ ಬಟ್ಟೆ ಎರಡು ದಿನವಾದರೂ ಹಸಿಹಸಿ. ಎಲ್ಲರೂ ಸ್ವೆಟರ್, ಟೋಪಿ ಹಾಕಿಕೊಂಡು ಓಡಾಡುತ್ತಾರೆ. ಪಂಪಿನ ಕೋಣೆಯಲ್ಲಿ ಸಿಕ್ಕ ಗಾಜಿನ ಥರ್ಮಾಮೀಟರನ್ನು ದಿನಾ ನೀರಿಗಿಳಿಸಿ ಬರೆದೆ. ಹದಿನೆಂಟು, ಹದಿನೇಳೂವರೆ, ಹದಿನೇಳು. ಐಸಿಗೆ ಇನ್ನೂ ಹದಿನೇಳು ಮೆಟ್ಟಿಲು ಇಳಿಯಬೇಕು ಎಂದು ಒಂದು ದಿನ ಪಕ್ಕದಲ್ಲಿ ತಮಾಷೆಗೆ ಬರೆದಿದ್ದೇನೆ.

ಜೂನ್ ಇಪ್ಪತ್ತರ ಹೊತ್ತಿಗೆ ಕೊಳದ ಒಂದು ಮೂಲೆಯಲ್ಲಿ ಹಸಿರು ಕಾಣಿಸಿತು. ಒಂದೊಂದೂ ಹೆಸರುಬೇಳೆಯಷ್ಟಿರುವ ಎಲೆಗಳು, ಒಂದರ ಪಕ್ಕ ಒಂದು ತೇಲುತ್ತಿದ್ದವು. ಕೈಯಲ್ಲಿ ತೆಗೆದರೆ ಹಸಿರು ರವೆಯ ಹಾಗೆ ಅಂಟಿಕೊಳ್ಳುತ್ತಿತ್ತು. ‘ಹಸಿರು ಕಾಲು ಭಾಗ’ ಎಂದು ಬರೆದೆ. ಆಮೇಲೆ ‘ಅರ್ಧ’, ಆಮೇಲೆ ‘ಮುಕ್ಕಾಲು’. ಮೂರನೆಯ ಅಂತಸ್ತಿನ ನಮ್ಮ ಬಾಲ್ಕನಿಯಿಂದ ನೋಡಿದರೆ ಯಾರೋ ರತ್ನಗಂಬಳಿ ಹಾಸಿದಂತಿತ್ತು. ತೆಗೆಯಬೇಕೆಂದು ಅನ್ನಿಸಲೇ ಇಲ್ಲ. ಚಳಿಯಲ್ಲಿ ಮೀನಿಗೆ ಹೊದಿಕೆಯಾಯಿತು, ನೀರಿನ ಶಾಖ ಹೊರಗೆ ಹೋಗುವುದಿಲ್ಲ ಎಂದು ನನ್ನಷ್ಟಕ್ಕೆ ತೀರ್ಮಾನಿಸಿದೆ. ಎಲೆ ತೆಗೆಯಿರಿ ಎಂದಿತ್ತು ನಿಜ. ಆದರೆ ಇವು ಉದುರಿದ ಎಲೆಗಳಲ್ಲವಲ್ಲ.

ಜೂನ್ ಇಪ್ಪತ್ತೆಂಟಕ್ಕೆ ಡಬ್ಬಿಯಲ್ಲಿದ್ದ ಮೀನಿನ ಗುಳಿಗೆ ಮುಗಿಯಿತು. ಶನಿವಾರವಾದ್ದರಿಂದ ಹೈರಿಡ್ಜ್‌ಗೆ ಹೋದೆವು. ಗುಳಿಗೆ ಸಿಗುವ ಅಂಗಡಿ ಎಲ್ಲಿದೆಯೋ ತಿಳಿಯದು. ಆದರೆ ದಿನಸಿ ಅಂಗಡಿಯ ಬಾಗಿಲಲ್ಲೇ ದೊಡ್ಡ ಚೀಲದಲ್ಲಿ ಪುರಿ ಇತ್ತು. ಅದೇ ಅಕ್ಕಿಪುರಿ, ಬಡಗಣದವರು ಮಂಡಕ್ಕಿ ಎನ್ನುವುದು, ಇಲ್ಲಿನ ಗುಜರಾತಿಗಳು ಮಮರಾ ಎನ್ನುವುದು. ನನಗೆ ತಟ್ಟನೆ ನಮ್ಮೂರ ದೇವಸ್ಥಾನದ ಹೊಂಡ ನೆನಪಾಯಿತು. ಮೆಟ್ಟಿಲ ಮೇಲೆ ಕೂತು ಪೊಟ್ಟಣ ಬಿಚ್ಚಿದರೆ ಸಾಕು, ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆದುಕೊಂಡು ಬರುತ್ತಿದ್ದವು. ಮೀನು ಪುರಿ ತಿಂದರೆ ನಮ್ಮ ಹರಕೆ ಮುಟ್ಟಿತೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ಮೀನಿಗೆ ಪುರಿ ಹಾಕುವುದರಲ್ಲಿ ತಪ್ಪೇನಾದರೂ ಇರಬಹುದೆಂದು ನಮ್ಮ ಕಡೆಯ ಯಾರಿಗೂ ಹೊಳೆಯದು. ಎರಡು ಕಿಲೋ ಕಟ್ಟಿಸಿದೆ. ಪುರಿ ಎರಡು ಕಿಲೋ ಎಂದರೆ ಕಾರಿನ ಹಿಂದಿನ ಸೀಟು ತುಂಬುತ್ತದೆ.

“ಪಾರ್ಟಿ ಇದೆಯಾ? ಚುರುಮುರಿಗೆ ಯಾರ್ಯಾರು ಬರ್ತಾರೆ?” ಎಂದರು ಗಂಡ.

“ಹನ್ನೊಂದು ಜನ.”

ಜೂನ್ ಇಪ್ಪತ್ತೊಂಬತ್ತರಿಂದ ಪುರಿ ಶುರು. ಬೆಳಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ. ಪುರಿ ಹಸಿರಿನ ಮೇಲೆ ಬಿಳಿಯಾಗಿ ಕೂತು, ಆಮೇಲೆ ನೆನೆದು, ಕೆಳಗಿಳಿಯುತ್ತಿತ್ತು. ಜುಲೈ ಎರಡಕ್ಕೆ ‘ಹಸಿರು ಪೂರ್ತಿ’.

ಜುಲೈ ಮೂರರ ಬೆಳಗ್ಗೆ ಆರೂವರೆಗೆ ನಾನು ಕೊಳದ ಅಂಚಿಗೆ ಹೋದಾಗ ಪಂಪಿನ ನೀರು ಬೀಳುವಲ್ಲಿನ ಸಣ್ಣ ಬಿಡುವಿನಲ್ಲಿ ಐದು ಬಾಯಿಗಳು ಕಂಡವು. ತೆರೆಯುವುದು, ಮುಚ್ಚುವುದು, ತೆರೆಯುವುದು. ಥೇಟ್ ಹೊಂಡದ ಮೀನುಗಳೇ. ನನಗಾದ ಸಂತೋಷ ಇಷ್ಟಿಷ್ಟಲ್ಲ. ಐದು ತಿಂಗಳಲ್ಲಿ ಮೊದಲ ಬಾರಿಗೆ ಈ ಊರಲ್ಲಿ ಯಾರೋ ನನ್ನನ್ನು ಗುರುತಿಸಿ, ನನಗಾಗಿ ಕಾದಿದ್ದಾರೆ ಅನ್ನಿಸಿತು. ‘ಹಸಿದಿವೆ. ಎರಡು ಹಿಡಿ’ ಎಂದು ಬರೆದಿದ್ದೇನೆ. ಮರುದಿನ ಏಳು ಬಾಯಿ. ಮೂರು ಹಿಡಿ. ಅದರ ಮರುದಿನವೂ ಹಾಗೆಯೇ. ತಿನ್ನುತ್ತಿರಲಿಲ್ಲ, ಸುಮ್ಮನೆ ಬಾಯಿ ಆಡಿಸುತ್ತಿದ್ದವು. ಅಭ್ಯಾಸವಾಗಬೇಕು ಎಂದುಕೊಂಡೆ.

ಗೇಟಿನ ಕಾವಲುಗಾರ್ತಿ ಇದನ್ನೆಲ್ಲ ತನ್ನ ಗೂಡಿನಿಂದ ನೋಡುತ್ತಿದ್ದಳು. ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಆ ಗೂಡು ಬಿಟ್ಟು ಕದಲುವಂತಿಲ್ಲ. ಕ್ಯಾಮೆರಾ ಅವಳ ಕುರ್ಚಿಯನ್ನೂ ನೋಡುತ್ತದೆ. ಇಲ್ಲಿ ಹೆಂಗಸರನ್ನು ಮಗುವಿನ ಹೆಸರು ಸೇರಿಸಿ ಇಂಥವರ ತಾಯಿ ಎಂದು ಕರೆಯುವ ಪದ್ಧತಿ. ನನಗೆ ಮಕ್ಕಳಿಲ್ಲ. ಹಾಗಾಗಿ ಅವಳು ನನಗೊಂದು ಹೆಸರಿಟ್ಟಿದ್ದಳು: ಮಾಮಾ ಸಮಾಕಿ, ಮೀನಿನ ತಾಯಿ.

“ಮಾಮಾ ಸಮಾಕಿ, ಮಕ್ಕಳದು ಊಟ ಆಯ್ತಾ?”

“ಆಯ್ತು.”

“ನಿನ್ನದು?”

“ಇನ್ನೂ ಇಲ್ಲ.”

“ಒಳ್ಳೆ ತಾಯಿ!” ಎಂದು ನಗುತ್ತಿದ್ದಳು. ಅವಳ ಇಂಗ್ಲಿಷ್ ನನ್ನದಕ್ಕಿಂತ ಸಲೀಸು.

ಜುಲೈ ಒಂಬತ್ತರಂದು ಒಂದು ಕಿತ್ತಳೆ ಮೀನು ಹಸಿರಿನ ಮೇಲೆ ಮಗ್ಗುಲಾಗಿ ಮಲಗಿತ್ತು. ಕಡ್ಡಿಯಿಂದ ಮುಟ್ಟಿದೆ, ಅಲ್ಲಾಡಲಿಲ್ಲ. ಅವಕಾಡೊ ಮರದ ಬುಡದಲ್ಲಿ ಹೂತೆ. ಹತ್ತು ಎಂದು ಬರೆದೆ. ವಯಸ್ಸಾಗಿರಬೇಕು ಎಂದೂ ಬರೆದೆ, ಅದು ಎಲ್ಲಕ್ಕಿಂತ ಚಿಕ್ಕ ಮೀನಾಗಿದ್ದರೂ.

ಹದಿಮೂರನೆಯ ತಾರೀಕು ಭಾನುವಾರ. ಅಜ್ಜಿ ಲೆಸ್ಟರ್‌ನಿಂದ ಭಾನುವಾರಕ್ಕೊಮ್ಮೆ ವಿಡಿಯೋ ಕರೆ ಮಾಡುತ್ತಿದ್ದರು. ಮೊದಲು ಮೊಮ್ಮಗುವನ್ನು ತೋರಿಸುವುದು, ಆಮೇಲೆ ನಾನು ಕೊಳ ತೋರಿಸುವುದು. ಆ ದಿನ ನಾನು ಪಂಪಿನ ಬಾಯಿಯ ಹತ್ತಿರ ಕೂತು ಫೋನನ್ನು ಬಿಳಿ ಮೀನಿನ ಮುಖಕ್ಕೇ ಹಿಡಿದೆ.

“ಅರೆ, ನನ್ನ ರಾಜಾ! ಮೇಲೆ ಬಂದಿದ್ದಾನೆ ನೋಡು. ಉಳಿದವರೆಲ್ಲ?”

“ಕೆಳಗಿವೆ ಆಂಟಿ. ಚಳಿ.”

ಮರುದಿನ ಎರಡು ಸತ್ತವು, ಒಂದು ಕಿತ್ತಳೆ, ಒಂದು ಮಚ್ಚೆಯದು. ಹದಿನೇಳಕ್ಕೆ ಇನ್ನೊಂದು ಕಿತ್ತಳೆ. ಏಳು.

ಆ ವಾರ ನಗರದಲ್ಲಿ ಮೆರವಣಿಗೆಗಳಿದ್ದು ಒಂದೆರಡು ದಿನ ರಸ್ತೆಗಳನ್ನು ಮುಚ್ಚಿದ್ದರು. ಗಂಡ ಮನೆಯಿಂದಲೇ ಕೆಲಸ ಮಾಡಿದರು. ಅಡುಗೆಮನೆಯಲ್ಲಿ ನಾನು, ಹಾಲಿನಲ್ಲಿ ಅವರ ಮೀಟಿಂಗು. ಮಾತಾಡುವಂತಿಲ್ಲ, ಮಿಕ್ಸಿ ಹಾಕುವಂತಿಲ್ಲ. ನಾನು ಕೆಳಗಿಳಿದು ಕೊಳದ ಸುತ್ತ ನಡೆಯತೊಡಗಿದೆ. ಒಂದು ಸುತ್ತಿಗೆ ನಲವತ್ತು ಹೆಜ್ಜೆ. ಹದಿನೇಳರಂದು ನೂರಾ ಆರು ಸುತ್ತು ಎಂದಿದೆ. ಗೇಟು ಸೊನ್ನೆ. ಏಳರಲ್ಲಿ ಬಿಳಿಯದೂ ಒಂದು, ಮತ್ತು ಆಗಸ್ಟ್ ಇಪ್ಪತ್ತನಾಲ್ಕಕ್ಕೆ ಇನ್ನೂ ಮೂವತ್ತೆಂಟು ದಿನ. ಸತ್ತವು ಎಂಟು ದಿನಕ್ಕೆ ನಾಲ್ಕು. ಭಾಗಾಕಾರ ಮಾಡಿ ನೋಡಿದೆ. ಬಿಳಿಯದು ಉಳಿಯುವ ಲೆಕ್ಕ ಯಾವ ಕಡೆಯಿಂದಲೂ ಬರಲಿಲ್ಲ.

ಹದಿನೆಂಟರ ಬೆಳಗ್ಗೆ ಪುರಿಯ ಡಬ್ಬಿ ಹಿಡಿದು ಹೊರಟವಳನ್ನು ಕಾವಲುಗಾರ್ತಿ ಕರೆದಳು. ಈ ಸಲ ನಗಲಿಲ್ಲ.

“ಮಾಮಾ ಸಮಾಕಿ, ಒಂದು ಮಾತು ಕೇಳಲಾ? ಯಾಕೆ ಅವಕ್ಕೆ ತಿನ್ನಿಸ್ತಾ ಇದ್ದೀಯ?”

“ಹಸಿದಿವೆ. ನೋಡು, ಬಾಯಿ ತೆರೀತಿವೆ.”

“ಹಸಿದಿಲ್ಲ, ಮೈ ಡಿಯರ್. ಉಸಿರು ಕಟ್ಟಿದೆ.”

ನಾನು ನಿಂತೆ.

“ನಮ್ಮೂರು ದೊಡ್ಡ ಸರೋವರದ ದಂಡೇಲಿದೆ” ಎಂದಳು. “ನೀರಿನ ಮೇಲೆ ಅಂತರಗಂಗೆ ಬರುತ್ತೆ. ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ಸರೋವರ ಇಲ್ಲ, ಬರೀ ಹಸಿರು ಹೊಲ. ದೋಣಿ ಹೊರಡಲ್ಲ. ಹೋದ ದೋಣಿ ವಾಪಸ್ ಬರಲ್ಲ, ನನ್ನ ಚಿಕ್ಕಪ್ಪ ಎರಡು ದಿನ ನಡುನೀರಲ್ಲಿ ಸಿಕ್ಕಿಕೊಂಡಿದ್ದ. ಕೆಳಗಿನ ಮೀನು ಹೀಗೇ ಮಾಡ್ತವೆ, ಸಂದಿ ಸಿಕ್ಕಲ್ಲಿ ಬಂದು ಬಾಯಿ ಬಾಯಿ ಬಿಡ್ತವೆ. ಬೆಳಗಿನ ಹೊತ್ತು ಜಾಸ್ತಿ. ಆಮೇಲೆ ತೇಲ್ತವೆ.” ಅವಳು ತನ್ನ ಬಾಯನ್ನು ಹಾಗೇ ತೆರೆದು ಮುಚ್ಚಿ ತೋರಿಸಿದಳು.

“ಮೊದಲೇ ಯಾಕೆ ಹೇಳಲಿಲ್ಲ?”

“ನೀನು ದಿನಾ ಬರ್ಕೊಳ್ತಿದ್ದೀಯ. ಬರೆಯೋರಿಗೆ ಗೊತ್ತಿರುತ್ತೆ ಅಂದ್ಕೊಂಡೆ.”

ಮೆಟ್ಟಿಲಲ್ಲೇ ಕೂತು ನೋಟ್‌ಬುಕ್ ತೆರೆದೆ. ಎಲ್ಲವೂ ಇತ್ತು. ಹಸಿರು ಕಾಲಿದ್ದಾಗ ಮೀನು ಹನ್ನೊಂದು, ಅರ್ಧವಿದ್ದಾಗ ಹನ್ನೊಂದು. ಹಸಿರು ಪೂರ್ತಿಯಾದ ಮರುದಿನ ಬಾಯಿ ಐದು. ಪುರಿ ಮೂರು ಹಿಡಿಯಾದ ಐದನೆಯ ದಿನಕ್ಕೆ ಮೊದಲ ಸಾವು. ಪಂಪು ಓಡುವಾಗ ಬಾಯಿಗಳು ಮರೆಯಾಗುತ್ತವೆ ಎಂಬುದನ್ನೂ ನಾನೇ ಎರಡು ಕಡೆ ಬರೆದಿದ್ದೆ. ಫೋನಿನಲ್ಲಿ ಮತ್ತೆ ಹುಡುಕಿದಾಗ ಉಳಿದದ್ದೂ ತಿಳಿಯಿತು. ತಳಕ್ಕಿಳಿದ ಪುರಿ ಕೊಳೆಯುತ್ತದೆ, ಕೊಳೆಯುವಾಗ ನೀರಿನಲ್ಲಿರುವ ಉಸಿರನ್ನು ಅದೇ ತಿನ್ನುತ್ತದೆ. ಅದನ್ನುಂಡು ಹಸಿರು ಇನ್ನಷ್ಟು ಬೆಳೆಯುತ್ತದೆ. ತಣ್ಣಗಿರುವಾಗ ಮೀನಿಗೆ ಹಸಿವೇ ಕಡಿಮೆ. ಮೋಡದ ದಿನಗಳಲ್ಲಿ ನೀರಿನೊಳಗೆ ಉಸಿರು ಹುಟ್ಟುವುದೂ ಕಡಿಮೆ. ಐಸಿನ ಬಗ್ಗೆ ಓದಿದ್ದ ಅದೇ ಪುಟದಲ್ಲಿ, ನಾನು ಓದದೆ ಬಿಟ್ಟ ಕೊನೆಯ ಪ್ಯಾರಾದಲ್ಲಿ, ಐಸನ್ನು ತೆಗೆಯುವುದು ಚಳಿಗಾಗಿ ಅಲ್ಲ, ಗಾಳಿಗಾಗಿ ಎಂದಿತ್ತು. ಅಜ್ಜಿಯ ಗಂಡ ಯಾವುದನ್ನೂ ಕಾಪಿ ಹೊಡೆದಿರಲಿಲ್ಲ. ಈ ಊರಿನ ಚಳಿಗೆ ಈ ಊರಿನ ಮುಚ್ಚಳ. ಆಸ್ಪತ್ರೆಯಲ್ಲಿ ಮೂರು ವರ್ಷ ಚಾರ್ಟು ಬರೆದ ನನಗೆ ದಿನವೂ ಬರೆಯುವುದು ಬರುತ್ತಿತ್ತು. ಬರೆದದ್ದನ್ನು ತಿಂಗಳಿಗೊಮ್ಮೆ ಓದುವ ಕೆಲಸ ಅಲ್ಲಿ ಡಾಕ್ಟರದಾಗಿತ್ತು.

ಅಂದೇ ಹಸಿರು ತೆಗೆಯಲು ಇಳಿದೆ. ಬಲೆಯಿರಲಿಲ್ಲ. ನಮ್ಮೂರ ನಾಲೆಯಲ್ಲಿ ಪಂಚೆ ಹಿಡಿದು ಮರಿಮೀನು ಗೋರುತ್ತಿದ್ದುದು ಗೊತ್ತಿತ್ತು. ಹಳೆಯ ಹತ್ತಿಸೀರೆಯೊಂದನ್ನು ತಂದೆ. ಸೀರೆಗೆ ಇಬ್ಬರು ಬೇಕು.

“ನೀನೊಂದು ತುದಿ ಹಿಡೀತೀಯಾ?” ಕಾವಲುಗಾರ್ತಿಯನ್ನು ಕೇಳಿದೆ.

ಅವಳು ಗಲ್ಲದಿಂದ ಕ್ಯಾಮೆರಾ ತೋರಿಸಿದಳು. “ಪೋಲೆ, ಸಾರಿ. ಕುರ್ಚಿ ಬಿಟ್ಟರೆ ನಾಳೆ ಈ ಕುರ್ಚೀಲಿ ಬೇರೆಯವಳಿರ್ತಾಳೆ.” ಆಮೇಲೆ, “ಮರಕ್ಕೆ ಕಟ್ಟು. ಮರಕ್ಕೆ ಕ್ಯಾಮೆರಾ ಭಯ ಇಲ್ಲ” ಎಂದಳು.

ಒಂದು ತುದಿಯನ್ನು ಅವಕಾಡೊ ಮರಕ್ಕೆ ಕಟ್ಟಿ ಇನ್ನೊಂದನ್ನು ಹಿಡಿದು ಅಂಚಿನುದ್ದಕ್ಕೂ ಎಳೆದೆ. ಅವಳು ಕೂತಲ್ಲಿಂದಲೇ “ಎಡಕ್ಕೆ! ಬಗ್ಗು! ಹಿಂದೆ ತಪ್ಪಿಸಿಕೊಳ್ತಿದೆ!” ಎಂದು ಕೂಗುತ್ತ ದುಡಿಸಿದಳು. ಸಂಜೆಯವರೆಗೆ ಒಂಬತ್ತು ಬಕೆಟ್ ಹಸಿರು. ಅರ್ಧ ಕೊಳ ತೆರೆಯಿತು. ನೀರು ಕಪ್ಪಗಿತ್ತು, ಅದರಲ್ಲಿ ಬೂದಿ ಆಕಾಶ ಕಾಣುತ್ತಿತ್ತು. ಪಂಪನ್ನು ಹೊತ್ತೊತ್ತಿಗೆ ಆರಿಸದೆ ಓಡಲು ಬಿಟ್ಟೆ.

ಇಪ್ಪತ್ತರ ಭಾನುವಾರ ಅಜ್ಜಿಯ ಕರೆ ಬಂತು. ಬಿಳಿ ಮೀನು ಪಂಪಿನ ಹತ್ತಿರ ಇರಲಿಲ್ಲ.

“ರಾಜಾ ಎಲ್ಲಿ?”

“ಇದೆ ಆಂಟಿ. ಆ ಕಡೆ.”

“ಆ ಕಡೆ ತೋರಿಸು.”

ತೋರಿಸಿದೆ. ಇಡೀ ಕೊಳ ತೋರಿಸಿದೆ. ಬಿಳಿಯದು ತೆರೆದ ಭಾಗದ ಮಧ್ಯೆ ಓರೆಯಾಗಿ ನಿಂತಿತ್ತು, ಅದರ ಬೆನ್ನು ನೀರಿನ ಮೇಲಿತ್ತು. ಆಮೇಲೆ ಹೇಳಿದೆ. ನಾಲ್ಕು ಹೋಗಿವೆ, ಹೋದ ಭಾನುವಾರವೂ ಒಂದು ಹೋಗಿತ್ತು, ನಾನು ಸುಳ್ಳು ಹೇಳಿದೆ, ಹಸಿರನ್ನು ನಾನೇ ಬಿಟ್ಟೆ, ಮೇಲೆ ಪುರಿ ಹಾಕಿದೆ.

ಅಜ್ಜಿಯ ಮುಖ ಪರದೆಯಲ್ಲಿ ನಿಂತೇ ಹೋಯಿತು. ನೆಟ್‌ವರ್ಕ್ ಕೆಟ್ಟಿತೇನೋ ಎಂದುಕೊಂಡೆ. ಹಿಂದೆ ಮಗು ಅಳುವುದು ಕೇಳುತ್ತಿತ್ತು.

“ಬಿಳಿಯದನ್ನು ನೋಡಿಕೋ” ಎಂದರು. ಕರೆ ನಿಂತಿತು. ಅಲ್ಲಿಂದ ಭಾನುವಾರದ ಕಾಲಮಿನಲ್ಲಿ ‘ಕರೆ ಇಲ್ಲ’ ಎಂದೇ ಇದೆ, ನಾಲ್ಕು ಸಲ.

ಇಪ್ಪತ್ತೊಂದರ ಮಧ್ಯಾಹ್ನ ಬೀದಿಯ ಟ್ರಾನ್ಸ್‌ಫಾರ್ಮರ್ ಕೆಟ್ಟು ಕರೆಂಟ್ ಹೋಯಿತು. ಕಟ್ಟಡದ ಜನರೇಟರ್ ಲಿಫ್ಟಿಗೆ, ದೀಪಕ್ಕೆ ಮಾತ್ರ. ಪಂಪಿಗೆ ಅದರ ತಂತಿ ಎಳೆದಿರಲಿಲ್ಲ. ಇಪ್ಪತ್ತೆರಡರ ಬೆಳಗ್ಗೆ ಐದು ನಲವತ್ತಕ್ಕೆ ಫೋನಿನ ಟಾರ್ಚ್ ಹಾಕಿಕೊಂಡು ಕೆಳಗಿಳಿದೆ. ಬಿಳಿ ಮೀನು ಮಗ್ಗುಲಾಗಿ ಬಿದ್ದಿತ್ತು. ಹೂತ ಕಿತ್ತಳೆ ಮೀನು ಬಿದ್ದಿದ್ದ ಹಾಗೆಯೇ. ಹತ್ತಿರ ಹೋದರೆ ಕಿವಿರು ಮಾತ್ರ ಆಡುತ್ತಿತ್ತು, ಬಹಳ ತಡೆದು ತಡೆದು.

ಗಾಳಿ ಬೇಕು, ಪಂಪಿಲ್ಲ. ನನಗೆ ಹೊಳೆದದ್ದು ಅಪ್ಪ ಕಾಫಿ ಆರಿಸುತ್ತಿದ್ದದ್ದು. ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ, ಕೈ ಚಾಚಿದಷ್ಟೂ ಎತ್ತರದಿಂದ. ಕೆಳಗೆ ನೊರೆ ಏಳುತ್ತಿತ್ತು. ನೊರೆ ಎಂದರೆ ಗಾಳಿಯೇ. ಬಕೆಟ್ಟನ್ನು ಕೊಳದಲ್ಲಿ ಮುಳುಗಿಸಿ, ಎದೆಯ ಮೇಲಕ್ಕೆತ್ತಿ, ಬಿಳಿ ಮೀನಿನ ಪಕ್ಕದಲ್ಲಿ ಸುರಿದೆ. ಮತ್ತೆ ಮುಳುಗಿಸಿದೆ. ಐದಕ್ಕೊಂದು ಸಲ ಕಟ್ಟೆಯ ಮೇಲೆ ಇಟ್ಟಿಗೆ ಚೂರಿನಿಂದ ಗೆರೆ.

ನೂರ ಮೂವತ್ತರ ಹೊತ್ತಿಗೆ ಗಂಡ ಕೆಳಗೆ ಬಂದರು, ಆಫೀಸಿನ ಬಟ್ಟೆ, ಬೂಟು. ಕಾರು ಬರಲು ಇನ್ನೂ ಹೊತ್ತಿತ್ತು.

“ಹುಚ್ಚಾ ನಿಂಗೆ? ಸ್ವೆಟರ್ ಪೂರ್ತಿ ನೆಂದಿದೆ.”

“ಬ್ಯಾಟರಿ ಏರ್ ಪಂಪ್ ಸಿಗುತ್ತಂತೆ. ಮಟಾಟು ವ್ಯಾನ್ ಹತ್ತಿ ನಾನೇ ಹೋಗಿ ಬರ್ತೀನಿ. ನಂಗೆ ಇವತ್ತು ಹೋಗ್ಬೇಕು.”

“ಒಬ್ಬಳೇನಾ? ಬೇಡ. ಶನಿವಾರ ನಾನೇ ಕರ್ಕೊಂಡು ಹೋಗ್ತೀನಲ್ಲ.”

“ಶನಿವಾರದೊಳಗೆ ಸತ್ತುಹೋಗುತ್ತೆ.”

“ಮೀನು ಕಣೇ ಅದು.”

“ನಾನು ಮಾತು ಕೊಟ್ಟಿದ್ದೀನಿ.”

ಅವರು ನನ್ನನ್ನೂ ಮೀನನ್ನೂ ನೋಡಿದರು. ಕೆಟ್ಟವರಲ್ಲ ಅವರು, ಹೆದರಿದವರು. ದಿನವಿಡೀ ಕಾರ್ಖಾನೆಯಲ್ಲಿ ನನ್ನ ಬಗ್ಗೆ ಹೆದರುತ್ತ ಕೂರುವುದಕ್ಕಿಂತ ನಾನು ಒಳಗಿರುವುದು ಅವರಿಗೆ ಸುಲಭ, ಹಾಗೆಂದು ಒಮ್ಮೆ ಅವರೇ ಹೇಳಿದ್ದರು. ಅಂಗಿಯ ತೋಳು ಮಡಚಿ ನನ್ನ ಕೈಯಿಂದ ಬಕೆಟ್ ತೆಗೆದುಕೊಂಡರು. ಹಾರ್ನ್ ಕೇಳುವವರೆಗೆ ಸುರಿದರು. ಬೂಟಿನೊಳಗೆ ನೀರು ಕಿಚಕಿಚ ಎನ್ನುತ್ತಿತ್ತು.

“ಎಷ್ಟಾಯ್ತು?”

“ನಿಮ್ಮದು ಮೂವತ್ತೆಂಟು.”

“ಅಷ್ಟೇನಾ? ಕೌಂಟ್ ಸರಿ ಇದೆಯಾ?” ಎಂದು ಸೊಂಟ ಹಿಡಿದುಕೊಂಡು ಕಾರು ಹತ್ತಿದರು.

ಮುನ್ನೂರ ಹತ್ತಕ್ಕೆ ಬಿಳಿ ಮೀನು ಬಾಲ ಆಡಿಸಿತು. ನಾನೂರಕ್ಕೆ ಅರ್ಧ ಎದ್ದು ಮತ್ತೆ ಮಲಗಿತು. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ, ಆರುನೂರ ಎಪ್ಪತ್ತೈದನೆಯ ಬಕೆಟ್ಟಿಗೆ, ಅದು ನೆಟ್ಟಗಾಗಿ ನೀರೊಳಗೆ ಇಳಿದು ಕಾಣದಾಯಿತು. ಕಾವಲುಗಾರ್ತಿ ಕುರ್ಚಿಯಿಂದ ಏಳದೆ ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟಿದಳು. ಆಗ ಅವಳ ಕೂಗು ಇಡೀ ಕಾಂಪೌಂಡಿಗೆ ಕೇಳಿತು, “ಮಾಮಾ ಸಮಾಕಿ, ಸವಾ?”

“ಸವಾ, ಎಲ್ಲ ಸರಿ” ಎಂದೆ. ಕೈ ಎತ್ತಲಾಗಲಿಲ್ಲ.

ಕರೆಂಟ್ ಬಂದದ್ದು ಇಪ್ಪತ್ತಮೂರರ ಸಂಜೆ. ಅದಾದ ಮೇಲೂ ಅಜ್ಜಿ ಬರುವವರೆಗೆ ಬೆಳಗ್ಗೆ ಐದು ನಲವತ್ತೇ ನನ್ನ ಹೊತ್ತಾಯಿತು. ಸೀರೆ ಎಳೆಯುವುದು, ಐವತ್ತು ಬಕೆಟ್, ಬಾಯಿಗಳ ಎಣಿಕೆ. ಬಾಯಿ ಮೂರು, ಒಂದು, ಒಂದು, ಸೊನ್ನೆ. ಆ ಕಾಲಮಿನಲ್ಲಿ ಸೊನ್ನೆ ಬಂದ ದಿನ ಅದನ್ನು ಎಷ್ಟು ದುಂಡಗೆ ಬರೆದಿದ್ದೇನೆ! ಪಕ್ಕದ ಗೇಟಿನ ಸೊನ್ನೆ ಎಂದಿನಂತೆ ಇತ್ತು. ಎರಡೂ ನೋಡಲು ಒಂದೇ.

ಆಗಸ್ಟ್ ಇಪ್ಪತ್ತನಾಲ್ಕರಂದು ಅಜ್ಜಿ ಬಂದರು. ಕೋಟು ಬಿಚ್ಚದೆ, ಸೂಟ್‌ಕೇಸನ್ನು ಗೇಟಿನಲ್ಲೇ ಬಿಟ್ಟು, ನೇರ ಕೊಳಕ್ಕೆ ನಡೆದರು. ನಾನು ಹಿಂದೆ ನಿಂತೆ. ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಆಳದಿಂದ ಬಿಳಿಯದು ಬಂತು, ಒಂದು ಸುತ್ತು ಹೊಡೆದು ಹೋಯಿತು. ಅಜ್ಜಿ ಕಟ್ಟೆಯ ಮೇಲೆ ಕೂತರು. ಕೈಯಡಿಯಲ್ಲಿ ಇಟ್ಟಿಗೆಯ ಗೆರೆಗಳು ಸಿಕ್ಕವು.

“ಇದೇನು?”

“ಬಕೆಟ್ಟು.”

“ಪುಸ್ತಕ ತಾ.”

ತಂದೆ. ಕನ್ನಡ ಅವರಿಗೆ ಬಾರದು. ಓದು ಎಂದರು. ಜೂನ್ ಹದಿನಾಲ್ಕರಿಂದ ಓದಿದೆ, ಹರಕು ಹಿಂದಿಯಲ್ಲಿ, ಒಂದು ದಿನವನ್ನೂ ಬಿಡದೆ. ಪುರಿಯ ದಿನಗಳು ಬಂದಾಗ ಅವರು ಕಣ್ಣು ಮುಚ್ಚಿದರು.

“ಮಮರಾ!” ಎಂದರು. “ಅದೂ ಮೂರು ಹಿಡಿ.” ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ನಾಲ್ಕು ಮೀನನ್ನು ಎಲ್ಲಿ ಹೂತೆ ಎಂದು ಕೇಳಿ, ಆ ಮರದ ಕಡೆ ಸ್ವಲ್ಪ ಹೊತ್ತು ನೋಡಿದರು. “ಪ್ರತಿ ಸಾಲಿನ ಕೊನೆಗೆ ಶೂನ್ಯ, ಶೂನ್ಯ ಅಂತೀಯಲ್ಲ, ಅದೇನು?”

ಹೇಳಿದೆ. ಅವರು ಗೇಟಿನ ಕಡೆ ನೋಡಿದರು. ಆಮೇಲೆ ಕೈ ಚಾಚಿದರು. ಬೀಗದ ಕೈ ಕೊಟ್ಟೆ.

“ಇನ್ನು ಆರಾಮ ಮಾಡು. ನಾನು ನೋಡಿಕೊಳ್ತೀನಿ.” ಎದ್ದು ಎರಡು ಹೆಜ್ಜೆ ಹೋದವರು ತಿರುಗಿದರು. “ಮುಂದಿನ ಚಳಿಗೂ ಇಲ್ಲೇ ಇರ್ತೀಯಾ?”

“ಮೂರು ವರ್ಷದ ಪೋಸ್ಟಿಂಗ್ ಆಂಟಿ. ಇನ್ನೂ ಎರಡು ಚಳಿ.”

“ಹಾಗಾದರೆ ಬಾ, ಬರಿ.”

ಪಂಪಿನ ಕೋಣೆಯ ಬಾಗಿಲ ಹಿಂದಿನ ಹಾಳೆಯನ್ನು ಪ್ಲಾಸ್ಟಿಕ್ಕಿನಿಂದ ಅವರೇ ಬಿಡಿಸಿದರು. ಗಂಡನ ನಾಲ್ಕು ಸಾಲಿನ ಕೆಳಗೆ ಜಾಗವಿತ್ತು. ಯಾವ ಭಾಷೆಯಲ್ಲಿ ಎಂದು ಕೇಳಿದೆ. ಓದಬೇಕಾದವಳು ನೀನೇ ತಾನೆ ಎಂದರು. ಕನ್ನಡದಲ್ಲಿ ಬರೆದೆ: ಐದು, ಬೆಳಗ್ಗೆ ಬಾಯಿ ತೆರೆದರೆ ಅದು ಹಸಿವಲ್ಲ.

ಮರುದಿನವೂ ಐದು ನಲವತ್ತಕ್ಕೆ ಎಚ್ಚರವಾಯಿತು. ಬೀಗದ ಕೈ ಇರಲಿಲ್ಲ, ಇಳಿಯಲು ಕಾರಣವಿರಲಿಲ್ಲ. ಬಾಲ್ಕನಿಯಲ್ಲಿ ನಿಂತು ಬೆಳಕಾಗುವವರೆಗೆ ಕಾದೆ. ಕೆಳಗೆ ಅಜ್ಜಿ ಶಾಲು ಹೊದ್ದು ಕೋಲಿನಿಂದ ಹಸಿರನ್ನು ಅಂಚಿಗೆ ಸರಿಸುತ್ತಿದ್ದರು. ಗೂಡಿನಲ್ಲಿ ಕಾವಲುಗಾರ್ತಿ ಆಗಷ್ಟೇ ಬಂದು ಕುರ್ಚಿಯಲ್ಲಿ ಕೂತಿದ್ದಳು. ಮೂರನೆಯ ಅಂತಸ್ತಿನಿಂದ ಮೀನು ಎಣಿಸುವುದು ಕಷ್ಟ, ಆದರೂ ಎಣಿಸಿದೆ.

ಆಗಸ್ಟ್ ಇಪ್ಪತ್ತೈದು. ಕಂಡದ್ದು ಆರು, ಬಿಳಿಯದು ಸೇರಿ. ಒಂದು ಕೆಳಗಿರಬೇಕು. ನೀರು ತೆರೆದಿದೆ. ಬಾಯಿ ಸೊನ್ನೆ. ಗೇಟು ಸೊನ್ನೆ.